ದುಡಿಮೆಯ ಬರಗಾಲದಲ್ಲಿ ಹಂಚಿಕೆಯ ನ್ಯಾಯ

‘ಮಾನವ ಸಂಪನ್ಮೂಲ’ ಎಂಬುದು ಈಗ ಕಾರ್ಖಾನೆ ಕಚೇರಿಗಳಲ್ಲೆಲ್ಲ ರೂಢಿಗೆ ಬಂದಿರುವ ಸಮಾಸಪದ. ಕೆಲಸಗಾರರನ್ನು ಆರಿಸಿಕೊಳ್ಳುವುದು, ಅವರಿಗೆ ತರಬೇತು ಕೊಡುವುದು, ಸಂಬಳವನ್ನು ಗೊತ್ತುಮಾಡುವುದು, ಬೇಡವಾದಾಗ ಬಿಟ್ಟುಬಿಡುವುದು, ಇವೆಲ್ಲವನ್ನೂ ನೋಡಿಕೊಳ್ಳುವ ಶಾಖೆಗೆ ಆ ಹೆಸರು. ಪದವನ್ನು ಬಿಡಿಸಿ ನೋಡಿದರೆ ‘ಸಂಪತ್’ ಮತ್ತು ‘ಮೂಲ’ ಎಂಬ ಎರಡು ಮಾತುಗಳು ಕಾಣುತ್ತವೆ. ತಕಾರಕ್ಕೆ ಮಕಾರವು ಪರವಾಗಿ ಅನುನಾಸಿಕ ಬಂದಿದೆ. ಸಂಪತ್ತಿನ ಮೂಲವೆಂಬುದೇ ಅರ್ಥ. ಆದರೆ ವ್ಯವಹಾರದಲ್ಲಿ ಈ ಪದವು ಎರಡು ಭಾವಗಳಿಗೆ ಎಡೆಗೊಡುತ್ತದೆ. ಕಲ್ಲಿದ್ದಲಿನಂತೆ, ಕಬ್ಬಿಣದಂತೆ ಮನುಷ್ಯನೂ ಒಂದು ಸಾಮಗ್ರಿ, ಬೇಕಾದಷ್ಟು ತರಿಸಿಕೊಂಡು ಉಳಿದುದನ್ನು ಹೊರಗೆ ಹಾಕಬಹುದು ಎಂಬುದೊಂದು. ಸಂಪತ್ತೆಂಬ ಮರಕ್ಕೆ ಮನುಷ್ಯನೇ ಬೇರು, ಬೇರನ್ನು ಕಿತ್ತವನಿಗೆ ಫಲವಿಲ್ಲ ಎಂಬುದು ಇನ್ನೊಂದು. ಸುಭಿಕ್ಷದ ವರ್ಷಗಳಲ್ಲಿ ಯಜಮಾನನ ಮನಸ್ಸಿನಲ್ಲಿರುವ ಅರ್ಥ ಯಾವುದೆಂದು ಹೊರಗೆ ತಿಳಿಯುವುದಿಲ್ಲ. ದೇಶಕ್ಕೆ ಆರ್ಥಿಕ ಹಿಂಜರಿತ ಬಂದಾಗ ಅದು ತಾನಾಗಿ ಬಯಲಾಗುತ್ತದೆ.

ಒಂದು ವಿಚಾರವನ್ನು ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಐದು ಅಂಗಗಳಲ್ಲಿ ವಿವೇಚಿಸುವ ಕ್ರಮ ನಮ್ಮ ಶಾಸ್ತ್ರಗಳಲ್ಲಿ ಉಂಟಷ್ಟೆ. ಪ್ರಕೃತ ವಿಷಯವು ಲೌಕಿಕವಾದರೂ ಆ ಕ್ರಮದಿಂದಲೇ ನೋಡುವುದು ಅನುಕೂಲ. ಏಕೆಂದರೆ ಇಲ್ಲಿ ಎರಡು ಪಕ್ಷಗಳಿಗೂ ಬಲವಾದ ಯುಕ್ತಿಗಳುಂಟು.

ವಿಷಯ

ಒಂದು ದೇಶದ ಉತ್ಪತ್ತಿಯೂ ವ್ಯಾಪಾರವೂ ಕೆಲವು ತಿಂಗಳುಗಳವರೆಗೆ ಒಂದೇ ಸಮನೆ ಇಳಿಮುಖವಾಗುವುದನ್ನು ಆರ್ಥಿಕ ಹಿಂಜರಿತವೆನ್ನುತ್ತಾರೆ. ಒಬ್ಬನ ವೆಚ್ಚವೇ ಮತ್ತೊಬ್ಬನ ವರಮಾನ. ಭಯದಿಂದ ಹತ್ತು ಮಂದಿ ಕೈ ಬಿಗಿಹಿಡಿದರೆ ಹನ್ನೊಂದನೆಯವನ ಅಂಗಡಿಯಲ್ಲಿ ವ್ಯಾಪಾರ ಕುಗ್ಗುತ್ತದೆ. ಅವನು ತನ್ನ ಆಳನ್ನು ಬಿಡಿಸುತ್ತಾನೆ. ಆ ಆಳು ಮತ್ತೊಂದು ಅಂಗಡಿಗೆ ಹೋಗುವುದನ್ನು ನಿಲ್ಲಿಸುತ್ತಾನೆ. ಹೀಗೆ ಇಳಿತವೇ ಇಳಿತಕ್ಕೆ ಕಾರಣವಾಗುತ್ತದೆ.

ಇಂತಹ ಕಾಲದಲ್ಲಿ ದುಡಿಮೆಯ ಪೇಟೆಯು ದವಸದ ಪೇಟೆಯಂತೆ ನಡೆಯುವುದಿಲ್ಲ. ಮಾರಾಟವಾಗದ ಜೋಳವನ್ನು ಹಗೇವಿನಲ್ಲಿಟ್ಟು ಮುಂದಿನ ವರ್ಷ ಮಾರಬಹುದು. ಮಾರಾಟವಾಗದ ಇಂದಿನ ದುಡಿಮೆಯು ಇಂದೇ ನಷ್ಟವಾಯಿತು. ಅದನ್ನು ನಾಳೆಗೆ ಕೂಡಿಡುವಂತಿಲ್ಲ. ಎಲ್ಲ ಕಾರ್ಖಾನೆಗಳೂ ಏಕಕಾಲದಲ್ಲಿ ಆಳುಗಳನ್ನು ಬಿಡಿಸುವುದರಿಂದ ಹೊರಬಿದ್ದವನಿಗೆ ಬೇರೆಡೆ ಬಾಗಿಲು ತೆರೆದಿರುವುದಿಲ್ಲ. ಒಂದು ಊರಿನ ಒಂದು ಗಿರಣಿ ಮುಚ್ಚುವುದಕ್ಕೂ ದೇಶವೆಲ್ಲ ಹಿಂಜರಿಯುವುದಕ್ಕೂ ಇರುವ ಭೇದವಿದು.

ಸಂಶಯ

ಒಂದು ಲೆಕ್ಕವನ್ನು ತೆಗೆದುಕೊಳ್ಳೋಣ. ನೂರು ಮಂದಿ ದುಡಿಯುವ ಒಂದು ಕಾರ್ಖಾನೆ. ತಲಾ ವಾರಕ್ಕೆ ೪೦ ಗಂಟೆಯಂತೆ ಒಟ್ಟು ೪,೦೦೦ ಗಂಟೆಗಳ ಕೆಲಸ. ಬೇಡಿಕೆ ಐದರಲ್ಲಿ ಒಂದು ಪಾಲು ಕುಸಿದು ೩,೨೦೦ ಗಂಟೆಗಳ ಕೆಲಸ ಮಾತ್ರ ಉಳಿಯಿತು. ನಷ್ಟವಾದ ೮೦೦ ಗಂಟೆಗಳನ್ನು ಯಾರ ಮೇಲೆ ಹೊರಿಸಬೇಕು? ಇಪ್ಪತ್ತು ಮಂದಿಯನ್ನು ಬಿಡಿಸಿದರೆ ಎಂಬತ್ತು ಮಂದಿಗೆ ಮೊದಲಿನಂತೆ ಪೂರ್ಣ ಕೆಲಸ, ಇಪ್ಪತ್ತು ಮಂದಿಗೆ ಪೂರ್ಣ ಶೂನ್ಯ. ನೂರು ಮಂದಿಯನ್ನೂ ಉಳಿಸಿಕೊಂಡು ವಾರಕ್ಕೆ ೩೨ ಗಂಟೆಯಂತೆ ದುಡಿಸಿದರೆ ಎಲ್ಲರಿಗೂ ಒಂದು ದಿನದ ಕೊರತೆ. ಕಾರ್ಖಾನೆಗೆ ಎರಡರಲ್ಲಿಯೂ ಗಂಟೆಗಳ ಮೊತ್ತ ಒಂದೇ. ಹಿಂಜರಿತವು ಕೆಲಸವನ್ನು ಕಡಿಮೆ ಮಾಡಿತು ಎಂಬುದು ಸತ್ಯ. ಆದರೆ ‘ಈ ಇಪ್ಪತ್ತು ಮಂದಿ’ ಎಂದು ಬೆರಳಿಟ್ಟು ತೋರಿಸಿದ್ದು ಹಿಂಜರಿತವಲ್ಲ, ಮನುಷ್ಯರ ನಿಶ್ಚಯ. ಆ ನಿಶ್ಚಯವು ಹೇಗಿರಬೇಕೆಂಬುದೇ ಸಂಶಯ.

ಪೂರ್ವಪಕ್ಷ

ಬಿಡಿಸುವುದೇ ಯುಕ್ತವೆಂಬ ಪಕ್ಷದವರು ಹೀಗೆ ಹೇಳುತ್ತಾರೆ: ಕೆಲಸವಿಲ್ಲದ ಕಡೆ ಆಳನ್ನು ಕಟ್ಟಿಹಾಕಿದರೆ ಹಳೆಯ ಕಸುಬುಗಳು ಸಾಯುವುದಿಲ್ಲ, ಹೊಸ ಕಸುಬುಗಳಿಗೆ ಆಳು ಸಿಗುವುದಿಲ್ಲ. ಬಿಡುಗಡೆಯಾದವರು ಬೇಗನೆ ಬೇರೆ ದಾರಿ ಹುಡುಕಿಕೊಳ್ಳುವರು. ಮೇಲಾಗಿ ಎಲ್ಲರ ಸಂಬಳವನ್ನೂ ಕತ್ತರಿಸಿದರೆ ಎಲ್ಲರ ಉತ್ಸಾಹವೂ ಕುಂದಿ, ಸಮರ್ಥರಾದವರೇ ಮೊದಲು ಬಿಟ್ಟುಹೋಗುವರು.

ಇದರ ಕೊನೆಯ ಯುಕ್ತಿಗೆ ಆಧಾರವಿಲ್ಲದಿಲ್ಲ. ಟ್ರೂಮನ್ ಬ್ಯೂಲಿ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ೧೯೯೦ರ ದಶಕದ ಆರಂಭದ ಹಿಂಜರಿತದಲ್ಲಿ ಆ ದೇಶದ ಈಶಾನ್ಯ ಭಾಗದ ೩೦೦ಕ್ಕೂ ಹೆಚ್ಚು ಮಂದಿ ಉದ್ಯಮಿಗಳು, ಕಾರ್ಮಿಕ ಮುಖಂಡರು ಮೊದಲಾದವರನ್ನು ಕಂಡು ಮಾತನಾಡಿ, ಹಿಂಜರಿತದಲ್ಲಿ ಸಂಬಳ ಏಕೆ ಇಳಿಯುವುದಿಲ್ಲವೆಂಬುದನ್ನು ೧೯೯೯ರಲ್ಲಿ ಒಂದು ಗ್ರಂಥವಾಗಿ ಪ್ರಕಟಿಸಿದರು. ಉದ್ಯಮಿಗಳು ಸಂಬಳ ಕತ್ತರಿಸಲು ಹಿಂಜರಿಯುವುದಕ್ಕೆ ಮುಖ್ಯ ಕಾರಣ ಕೆಲಸಗಾರರ ಮನೋಬಲ ಕೆಡುವುದೆಂಬ ಭಯ. ಸಂಬಳ ಕಡಿಮೆಯಾದವನು ಪ್ರತಿದಿನವೂ ಆ ನೋವನ್ನು ಹೊತ್ತು ಕಾರ್ಖಾನೆಯೊಳಗೇ ಇರುತ್ತಾನೆ. ಕೆಲಸ ಹೋದವನ ನೋವು ಬಾಗಿಲ ಹೊರಗೆ ಉಳಿಯುತ್ತದೆ. ಕಾರ್ಖಾನೆಯ ಒಳಗಿನಿಂದ ನೋಡಿದರೆ ಈ ಲೆಕ್ಕ ಸರಿ. ಆದರೆ ಹೊರಗಿಟ್ಟ ನೋವು ಇಲ್ಲವಾಗುತ್ತದೆಯೇ? ಕಸವನ್ನು ನೆರೆಯವರ ಅಂಗಳಕ್ಕೆ ಗುಡಿಸಿದವನು ತನ್ನ ಮನೆ ಶುದ್ಧವಾಯಿತೆಂದು ಹೇಳಿದಂತಾಯಿತು.

ಉತ್ತರಪಕ್ಷ

ಹೊರಗಿಟ್ಟ ಆ ನೋವು ಎಷ್ಟೆಂಬುದನ್ನು ಮೊದಲು ನೋಡಬೇಕು. ಜೇಕಬ್‌ಸನ್, ಲಲೊಂಡ್, ಸಲ್ಲಿವನ್ ಎಂಬ ಮೂವರು ವಿದ್ವಾಂಸರು ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ೧೯೮೦ರ ದಶಕದ ಮೊದಲ ಭಾಗದಲ್ಲಿ ಕೆಲಸ ಕಳೆದುಕೊಂಡ ಹಳೆಯ ಕೆಲಸಗಾರರ ವರಮಾನವನ್ನು ಪರಿಶೀಲಿಸಿ ೧೯೯೩ರಲ್ಲಿ ಪ್ರಕಟಿಸಿದರು. ಐದಾರು ವರ್ಷಗಳು ಕಳೆದ ಮೇಲೂ ಅವರ ವರಮಾನವು, ಕೆಲಸ ಹೋಗದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಶೇಕಡಾ ೨೫ರಷ್ಟು ಕಡಿಮೆಯಾಗಿತ್ತು. ಒಂದು ಕಾರ್ಖಾನೆಯ ಯಂತ್ರವನ್ನೂ ಪದ್ಧತಿಯನ್ನೂ ಇಪ್ಪತ್ತು ವರ್ಷ ಕಲಿತವನ ವಿದ್ಯೆಗೆ ಮತ್ತೊಂದು ಬಾಗಿಲಲ್ಲಿ ಅದೇ ಬೆಲೆ ಬರುವುದಿಲ್ಲ. ಬಿಟ್ಟ ಕಾರ್ಖಾನೆಗೂ ಆ ವಿದ್ಯೆ ನಷ್ಟವೇ.

ನಷ್ಟವು ವರಮಾನದ್ದು ಮಾತ್ರವೂ ಅಲ್ಲ. ಆಸ್ಟ್ರಿಯ ದೇಶದಲ್ಲಿ ವಿಯೆನ್ನಾ ನಗರದ ಸಮೀಪ ಮಾರಿಯೆನ್‌ಥಾಲ್ ಎಂಬ ಸಣ್ಣ ಊರು. ಊರಿಗೆ ಊರೇ ಒಂದು ಬಟ್ಟೆಯ ಗಿರಣಿಯನ್ನು ನೆಚ್ಚಿಕೊಂಡಿತ್ತು. ೧೯೨೯–೩೦ರ ಮಹಾಮುಗ್ಗಟ್ಟಿನಲ್ಲಿ ಗಿರಣಿ ಮುಚ್ಚಿತು. ಮಾರೀ ಯಾಹೋಡ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬವರು ತಮ್ಮ ಸಂಗಡಿಗರೊಡನೆ ಆ ಊರಿನ ಸುಮಾರು ೪೮೦ ಕುಟುಂಬಗಳ ಬಾಳನ್ನು ಪರಿಶೀಲಿಸಿ ೧೯೩೩ರಲ್ಲಿ ಬರೆದಿಟ್ಟರು. ಕೆಲಸವಿಲ್ಲದವನಿಗೆ ಬಿಡುವು ಹೇರಳ, ಓದಬಹುದಾಗಿತ್ತು ಎಂದು ನಾವೆಣಿಸುತ್ತೇವೆ. ಆದರೆ ಊರಿನ ಗ್ರಂಥಾಲಯದಿಂದ ಜನ ಕೊಂಡೊಯ್ಯುತ್ತಿದ್ದ ಪುಸ್ತಕಗಳ ಸಂಖ್ಯೆ ಅರ್ಧದಷ್ಟಕ್ಕೆ ಇಳಿದಿತ್ತು. ಗಂಡಸರ ನಡಿಗೆ ನಿಧಾನವಾಗಿತ್ತು. ಬೀದಿಯನ್ನು ದಾಟುವಷ್ಟರಲ್ಲಿ ಹಲವು ಬಾರಿ ನಿಂತುಬಿಡುತ್ತಿದ್ದರು. ಮನೆಗೆಲಸದ ಹೊರೆಯಿದ್ದ ಹೆಂಗಸರು ಹಾಗೆ ನಿಲ್ಲುತ್ತಿರಲಿಲ್ಲ. ದಿನದಲ್ಲಿ ಏನು ಮಾಡಿದಿರೆಂದು ಕೇಳಿದರೆ ಗಂಡಸರಿಗೆ ಹೇಳಲು ಹೆಚ್ಚೇನೂ ತೋರುತ್ತಿರಲಿಲ್ಲ. ಯಾಹೋಡರು ಮುಂದೆ ಇದನ್ನೇ ವಿಸ್ತರಿಸಿ, ಕೆಲಸವು ಕೂಲಿಯ ಜೊತೆಗೆ ಮನುಷ್ಯನಿಗೆ ಐದು ವಸ್ತುಗಳನ್ನು ಕೊಡುತ್ತದೆಂದು ಪ್ರತಿಪಾದಿಸಿದರು: ದಿನಕ್ಕೊಂದು ಕಟ್ಟು, ಮನೆಯ ಹೊರಗಿನವರ ಸಂಪರ್ಕ, ತನಗಿಂತ ದೊಡ್ಡದಾದ ಒಂದು ಉದ್ದೇಶದಲ್ಲಿ ಪಾಲು, ಸಮಾಜದಲ್ಲಿ ಒಂದು ಸ್ಥಾನ, ಮತ್ತು ನಿಯತವಾದ ಚಟುವಟಿಕೆ.

ಕಾಯಕವೆಂಬ ಮಾತನ್ನು ಬಲ್ಲ ವಾಚಕರಿಗೆ ಇದರಲ್ಲಿ ಅಚ್ಚರಿಯೇನೂ ತೋರದು. ಕಾಯಕವು ಹೊಟ್ಟೆಪಾಡಿನ ಉಪಾಯ ಮಾತ್ರವೆಂದಾಗಿದ್ದರೆ, ಕಾಯಕ ತಪ್ಪಿದವನಿಗೆ ಪರಿಹಾರಧನ ಕೊಟ್ಟಲ್ಲಿಗೆ ಸಮಾಜದ ಹೊಣೆ ತೀರುತ್ತಿತ್ತು. ದುಡಿಮೆಯು ಬಾಳಿನ ಆಧಾರವೆಂದು ಒಪ್ಪಿದ ಮೇಲೆ ಧನದಿಂದ ಅರ್ಧ ಹೊಣೆ ಮಾತ್ರ ತೀರುತ್ತದೆ. ಕೂಲಿಯ ಕೊರತೆಗಿಂತ ಕೆಲಸದ ಅಭಾವವು ಬೇರೆ ಜಾತಿಯ ದುಃಖ. ಆದುದರಿಂದಲೇ ಇಪ್ಪತ್ತು ಮಂದಿಯ ಪೂರ್ಣ ಶೂನ್ಯವೂ ನೂರು ಮಂದಿಯ ಒಂದು ದಿನದ ಕೊರತೆಯೂ ಗಂಟೆಗಳ ಲೆಕ್ಕದಲ್ಲಿ ಸಮವಾದರೂ ಬಾಳಿನ ಲೆಕ್ಕದಲ್ಲಿ ಸಮವಲ್ಲ.

ಹಂಚಿಕೆಯು ಹೇಳುವುದಕ್ಕೆ ಚೆನ್ನ, ಆಚರಣೆಗೆ ಬಾರದು ಎನ್ನುವಿರಾ? ಜರ್ಮನಿಯ ದೃಷ್ಟಾಂತವನ್ನು ನೋಡಿರಿ. ಅಲ್ಲಿ ‘ಕುರ್ತ್ಸ್‌ಆರ್ಬೈಟ್’, ಎಂದರೆ ಮೊಟಕುಗೊಳಿಸಿದ ದುಡಿಮೆ, ಎಂಬ ಏರ್ಪಾಡುಂಟು. ಅದರ ಬೀಜ ೧೯೧೦ರಲ್ಲಿ ಪೊಟ್ಯಾಷ್ ಗಣಿಗಳ ಸಂಬಂಧವಾಗಿ ಮಾಡಿದ ಶಾಸನದಲ್ಲಿದೆ. ಈಗಿನ ಕ್ರಮ ಹೀಗೆ: ಕೆಲಸ ಕುಗ್ಗಿದಾಗ ಕಾರ್ಖಾನೆಯು ಕೆಲಸಗಾರರ ಗಂಟೆಗಳನ್ನು ಕಡಿಮೆ ಮಾಡಿ, ದುಡಿದ ಗಂಟೆಗಳಿಗೆ ತಾನು ಸಂಬಳ ಕೊಡುತ್ತದೆ. ತಪ್ಪಿಹೋದ ನಿವ್ವಳ ಸಂಬಳದಲ್ಲಿ ಶೇಕಡಾ ೬೦ನ್ನು, ಮಕ್ಕಳಿದ್ದವರಿಗೆ ಶೇಕಡಾ ೬೭ನ್ನು, ನಿರುದ್ಯೋಗ ವಿಮೆಯ ನಿಧಿ ತುಂಬಿಕೊಡುತ್ತದೆ. ನಮ್ಮ ಲೆಕ್ಕಕ್ಕೆ ಇದನ್ನು ಹೊಂದಿಸೋಣ. ನೂರು ನಾಣ್ಯ ನಿವ್ವಳ ಸಂಬಳದವನಿಗೆ ಒಂದು ದಿನ ಕಡಿಮೆಯಾಗಿ ಎಂಬತ್ತು ಬಂದಿತು. ತಪ್ಪಿದ ಇಪ್ಪತ್ತರಲ್ಲಿ ಮಕ್ಕಳಿದ್ದವನಿಗೆ ೧೩ ನಾಣ್ಯಕ್ಕೆ ಮಿಕ್ಕಿ ನಿಧಿಯಿಂದ ಬರುವುದರಿಂದ ಕೈಗೆ ಸೇರುವುದು ಸುಮಾರು ೯೩, ಮಕ್ಕಳಿಲ್ಲದವನಿಗೆ ೯೨. ಇಪ್ಪತ್ತು ಮನೆಗಳ ಒಲೆ ಆರುವುದಕ್ಕೆ ಬದಲಾಗಿ ನೂರು ಮನೆಗಳಲ್ಲಿ ಏಳೆಂಟು ನಾಣ್ಯದ ಮಿತವ್ಯಯ.

ಈ ನಿಧಿಗೆ ಮಾಲೀಕರೂ ಕೆಲಸಗಾರರೂ ಒಳ್ಳೆಯ ದಿನಗಳಲ್ಲಿ ತಿಂಗಳು ತಿಂಗಳೂ ಸಮಭಾಗವಾಗಿ ಕಾಣಿಕೆ ಕೊಟ್ಟಿರುತ್ತಾರೆ. ಇದಲ್ಲದೆ ಅನೇಕ ಕಾರ್ಖಾನೆಗಳಲ್ಲಿ ಪ್ರತಿಯೊಬ್ಬನಿಗೂ ಗಂಟೆಗಳ ಒಂದು ಖಾತೆಯುಂಟು. ಕೆಲಸ ಹೆಚ್ಚಿದಾಗ ಅಧಿಕವಾಗಿ ದುಡಿದ ಗಂಟೆಗಳು ಅಲ್ಲಿ ಜಮೆಯಾಗುತ್ತವೆ. ಕೆಲಸ ಕುಗ್ಗಿದಾಗ ಸಂಬಳ ಕಡಿಮೆಯಾಗದೆ ಅವು ಖರ್ಚಾಗುತ್ತವೆ. ದುಡಿಮೆಯನ್ನು ಹಗೇವಿನಲ್ಲಿ ಇಡಲಾಗದೆಂದು ಮೇಲೆ ಹೇಳಿದೆವಷ್ಟೆ. ಅದಕ್ಕೆ ಮನುಷ್ಯಬುದ್ಧಿ ಕಂಡುಕೊಂಡ ಪ್ರತಿವಿಧಾನ ಇದು. ವೋಕ್ಸ್‌ವಾಗನ್ ಎಂಬ ಮೋಟಾರು ಕಾರಿನ ಸಂಸ್ಥೆಯಲ್ಲಿ ಸುಮಾರು ೩೦,೦೦೦ ಮಂದಿಯ ಕೆಲಸಕ್ಕೆ ಸಂಚಕಾರ ಬಂದಾಗ, ಕಾರ್ಮಿಕ ಸಂಘದೊಡನೆ ಒಪ್ಪಂದ ಮಾಡಿಕೊಂಡು ೧೯೯೪ರಿಂದ ವಾರದ ದುಡಿಮೆಯನ್ನು ೩೬ ಗಂಟೆಗಳಿಂದ ೨೮.೮ ಗಂಟೆಗಳಿಗೆ ಇಳಿಸಿದುದು ಇದೇ ಮಾರ್ಗದ ಪ್ರಸಿದ್ಧ ಉದಾಹರಣೆ.

ಪರೀಕ್ಷೆಯ ಕಾಲ ೨೦೦೮ರಲ್ಲಿ ಬಂದಿತು. ಅಮೆರಿಕದಲ್ಲಿ ೨೦೦೭ರ ಡಿಸೆಂಬರಿನಲ್ಲಿ ತೊಡಗಿದ್ದ ಹಿಂಜರಿತವು, ಲೇಮನ್ ಬ್ರದರ್ಸ್ ಎಂಬ ಹಣಕಾಸಿನ ಮನೆತನ ೨೦೦೮ರ ಸೆಪ್ಟೆಂಬರಿನಲ್ಲಿ ದಿವಾಳಿಯೆದ್ದ ಮೇಲೆ ಲೋಕವನ್ನೆಲ್ಲ ವ್ಯಾಪಿಸಿತು. ಅಮೆರಿಕದ ಒಟ್ಟು ಉತ್ಪನ್ನವು ಶಿಖರದಿಂದ ಶೇಕಡಾ ನಾಲ್ಕರಷ್ಟು ಕುಸಿಯಿತು. ಸುಮಾರು ೮೭ ಲಕ್ಷ ಕೆಲಸಗಳು ಹೋದುವು. ನಿರುದ್ಯೋಗದ ಪ್ರಮಾಣ ಶೇಕಡಾ ೫ರಿಂದ ೨೦೦೯ರ ಅಕ್ಟೋಬರಿನಲ್ಲಿ ೧೦ಕ್ಕೆ ಏರಿತು. ರಫ್ತನ್ನೇ ನೆಚ್ಚಿದ ಜರ್ಮನಿಯ ಉತ್ಪನ್ನವು ೨೦೦೯ರ ಒಂದೇ ವರ್ಷದಲ್ಲಿ ಶೇಕಡಾ ೫ಕ್ಕೂ ಮಿಕ್ಕಿ ಇಳಿಯಿತು. ಆದರೂ ಅಲ್ಲಿ ದಾಖಲಾದ ನಿರುದ್ಯೋಗದ ಪ್ರಮಾಣ ೨೦೦೮ರಲ್ಲಿ ೭.೮ ಇದ್ದುದು ೨೦೦೯ರಲ್ಲಿ ೮.೧ ಮಾತ್ರವಾಯಿತು. ಆ ವರ್ಷದ ಮಧ್ಯದಲ್ಲಿ ಹತ್ತಿರಹತ್ತಿರ ೧೫ ಲಕ್ಷ ಮಂದಿ ಮೊಟಕು ದುಡಿಮೆಯಲ್ಲಿದ್ದರು. ಸರಕಾರವು ಇದರ ಅವಧಿಯನ್ನು ೨೪ ತಿಂಗಳುಗಳವರೆಗೆ ಹೆಚ್ಚಿಸಿ, ತಪ್ಪಿದ ಗಂಟೆಗಳಿಗಾಗಿ ಮಾಲೀಕರು ಕೊಡಬೇಕಾಗಿದ್ದ ವಿಮೆಯ ಕಂತಿನಲ್ಲಿಯೂ ಪಾಲು ಹೊತ್ತಿತು. ಹಿಂದಿನ ವರ್ಷಗಳಲ್ಲಿ ನಿಪುಣ ಕೆಲಸಗಾರರು ಸಿಗದೆ ಕಷ್ಟಪಟ್ಟಿದ್ದ ಮಾಲೀಕರು, ಕೈಯಲ್ಲಿದ್ದವರನ್ನು ಬಿಡಲು ಮನಸ್ಸು ಮಾಡಲಿಲ್ಲವೆಂಬುದೂ ಒಂದು ಕಾರಣ. ವ್ಯಾಪಾರ ಚೇತರಿಸಿದಾಗ ಆಳುಗಳನ್ನು ಹೊಸದಾಗಿ ಹುಡುಕುವ ಕಷ್ಟವಿಲ್ಲದೆ ಯಂತ್ರಗಳು ಮತ್ತೆ ತಿರುಗಿದುವು.

೨೦೨೦ರ ಮಹಾಮಾರಿಯ ಕಾಲದಲ್ಲಿಯೂ ಹೀಗೆಯೇ. ಆ ವರ್ಷದ ಏಪ್ರಿಲಿನಲ್ಲಿ ಜರ್ಮನಿಯ ಸುಮಾರು ೬೦ ಲಕ್ಷ ಮಂದಿ ಮೊಟಕು ದುಡಿಮೆಗೆ ಬಂದರು. ಅದೇ ತಿಂಗಳು ಅಮೆರಿಕದಲ್ಲಿ ನಿರುದ್ಯೋಗವು ಶೇಕಡಾ ೧೪ನ್ನು ದಾಟಿತು. ಈ ಹೋಲಿಕೆಯಲ್ಲಿ ಒಂದು ಎಚ್ಚರ ಬೇಕು: ಮೊಟಕು ದುಡಿಮೆಯವರನ್ನು ಜರ್ಮನಿಯು ಉದ್ಯೋಗಿಗಳೆಂದೇ ಎಣಿಸುತ್ತದೆ, ತಾತ್ಕಾಲಿಕವಾಗಿ ಮನೆಗೆ ಕಳುಹಿಸಿದವರನ್ನು ಅಮೆರಿಕವು ನಿರುದ್ಯೋಗಿಗಳಲ್ಲಿ ಸೇರಿಸುತ್ತದೆ. ಅಮೆರಿಕವೂ ಕೈಕಟ್ಟಿ ಕುಳಿತಿರಲಿಲ್ಲ. ಕೆಲಸ ಕಳೆದುಕೊಂಡವರಿಗೆ ಕೆಲವು ತಿಂಗಳು ವಾರಕ್ಕೆ ೬೦೦ ಡಾಲರುಗಳನ್ನು ಅಧಿಕವಾಗಿ ಕೊಟ್ಟಿತು. ಭೇದವಿರುವುದು ಔದಾರ್ಯದಲ್ಲಲ್ಲ, ಮಾರ್ಗದಲ್ಲಿ. ಒಂದು ಮಾರ್ಗವು ಸಂಬಂಧವನ್ನು ಕಡಿದು ಧನವನ್ನು ಕೊಡುತ್ತದೆ. ಇನ್ನೊಂದು ಸಂಬಂಧವನ್ನು ಉಳಿಸಿ ಧನವನ್ನು ಕೊಡುತ್ತದೆ.

ಹಂಚಿಕೆಯ ಮಿತಿಗಳು

ಉತ್ತರಪಕ್ಷದಲ್ಲಿಯೂ ದೋಷಗಳಿವೆ, ಅವನ್ನು ಮರೆಮಾಚತಕ್ಕದ್ದಲ್ಲ.

ಮೊದಲನೆಯದು, ಕಾಲದ ಮಿತಿ. ಮೊಟಕು ದುಡಿಮೆಯು ಬರುವ ಮಳೆಯನ್ನು ಕಾಯುವವನಿಗೆ ಹೇಳಿದ ಉಪಾಯ. ಬತ್ತಿದ ನದಿಗೆ ಹೇಳಿದುದಲ್ಲ. ಜರ್ಮನಿಯ ಶಾಸನವೂ ಕೆಲಸದ ಕೊರತೆಯು ತಾತ್ಕಾಲಿಕವೂ ಅನಿವಾರ್ಯವೂ ಆಗಿರಬೇಕೆಂದು ನಿಯಮಿಸುತ್ತದೆ. ಅಲ್ಲಿಯ ಕಲ್ಲಿದ್ದಲ ಗಣಿಗಳಲ್ಲಿ ೧೯೫೭ರಲ್ಲಿ ಸುಮಾರು ೬ ಲಕ್ಷ ಮಂದಿ ದುಡಿಯುತ್ತಿದ್ದರು. ೨೦೧೮ರ ಡಿಸೆಂಬರಿನಲ್ಲಿ ಬೊಟ್ರೋಪ್ ಎಂಬ ಊರಿನ ಕಡೆಯ ಗಣಿ ಮುಚ್ಚಿತು. ಇಂತಹ ಕಸುಬನ್ನು ಗಂಟೆಗಳ ಹಂಚಿಕೆಯಿಂದ ಉಳಿಸಲಾಗದು. ಅಲ್ಲಿ ಬೇಕಾದುದು ದೀರ್ಘ ಕಾಲಾವಕಾಶ, ಬೇರೆ ಕಸುಬಿನ ಶಿಕ್ಷಣ, ವಯಸ್ಸಾದವರಿಗೆ ವಿಶ್ರಾಂತಿವೇತನ. ಹಳೆಯ ಕಸುಬು ಸಾಯಲೇಬೇಕೆಂಬ ಪೂರ್ವಪಕ್ಷದ ಯುಕ್ತಿಗೆ ಇಲ್ಲಿ ಸ್ಥಾನವುಂಟು. ಕಸುಬು ಸಾಯಬಹುದು, ಕಸುಬಿನವನು ಅದರೊಡನೆ ಸಾಯಬೇಕೆಂಬ ನಿಯಮವಿಲ್ಲ.

ಎರಡನೆಯದು ಇದಕ್ಕಿಂತ ಗುರುತರವಾದುದು. ಹಂಚಿಕೆಯ ಪಂಕ್ತಿಯಲ್ಲಿ ಕುಳಿತವರು ಯಾರು, ಪಂಕ್ತಿಯ ಹೊರಗೆ ನಿಂತವರು ಯಾರು? ೨೦೦೯ರಲ್ಲಿ ಜರ್ಮನಿಯ ಖಾಯಂ ಕೆಲಸಗಾರರು ಉಳಿದುಕೊಂಡರು. ಮಧ್ಯಸ್ಥ ಸಂಸ್ಥೆಗಳ ಮೂಲಕ ಎರವಲಾಗಿ ಬಂದ ಕೆಲಸಗಾರರು ಮೊದಲೇ ಹೊರಬಿದ್ದರು. ೨೦೨೦ರಲ್ಲಿ ಹೋಟೆಲು ಅಂಗಡಿಗಳಲ್ಲಿ ಅಲ್ಪವೇತನಕ್ಕೆ ದುಡಿಯುತ್ತಿದ್ದ ಲಕ್ಷಾಂತರ ಮಂದಿ ನಿರುದ್ಯೋಗ ವಿಮೆಗೆ ಸೇರಿರಲಿಲ್ಲವಾದುದರಿಂದ ಅವರಿಗೆ ನಿಧಿಯ ಬಾಗಿಲು ತೆರೆಯಲಿಲ್ಲ. ಹೊಸದಾಗಿ ಶಾಲೆ ಮುಗಿಸಿ ಬಂದ ತರುಣನ ಹೆಸರು ಯಾವ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ಇದ್ದವರನ್ನೆಲ್ಲ ಉಳಿಸಿಕೊಂಡೆವೆಂದು ಕಾರ್ಖಾನೆ ಹೇಳುವಾಗ ಅವನು ಲೆಕ್ಕಕ್ಕೇ ಬಂದಿರುವುದಿಲ್ಲ. ಒಳಗಿನವರೊಳಗೆ ಮಾತ್ರ ನಡೆದ ಹಂಚಿಕೆಯು ನ್ಯಾಯದ ಅರ್ಧಭಾಗ. ಪಂಕ್ತಿಯನ್ನು ವಿಸ್ತರಿಸದೆ ದಾಸೋಹವೆಂಬ ಮಾತು ಸಾರ್ಥಕವಾಗದು.

ಮೂರನೆಯದು, ಮನೋಬಲದ ಪ್ರಶ್ನೆ. ಕೊರತೆಯನ್ನು ಹೊರಲು ಮನುಷ್ಯ ಒಪ್ಪಬಲ್ಲ. ತನಗೆ ಹೇಳದೆ ಹೊರಿಸಿದ ಕೊರತೆಯನ್ನು ಒಪ್ಪಲಾರ. ಜರ್ಮನಿಯಲ್ಲಿ ಕೆಲಸಗಾರರು ಚುನಾಯಿಸಿದ ಮಂಡಲಿಯಿರುವ ಕಾರ್ಖಾನೆಗಳಲ್ಲಿ ಆ ಮಂಡಲಿಯ ಒಪ್ಪಿಗೆಯಿಲ್ಲದೆ ಮೊಟಕು ದುಡಿಮೆಯನ್ನು ಜಾರಿಗೆ ತರುವಂತಿಲ್ಲ. ಬ್ಯೂಲಿಯವರು ಕಂಡ ಭಯಕ್ಕೆ ಇಲ್ಲಿ ಪರಿಹಾರವಿದೆ. ಸಮಾಲೋಚನೆಯಿಂದ, ಎಲ್ಲರಿಗೂ ಕಾಣುವ ಲೆಕ್ಕದಿಂದ, ಗೊತ್ತಾದ ಅವಧಿಗೆ ಬಂದ ಕಡಿತವು ಅಪಮಾನವಾಗುವುದಿಲ್ಲ.

ನಿರ್ಣಯ

ಇಷ್ಟರಿಂದ ಸಿದ್ಧವಾದುದನ್ನು ಸಂಗ್ರಹಿಸುವ. ಮುಗ್ಗಟ್ಟು ಬಂದಾಗ ಯಜಮಾನನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಯಾರನ್ನು ಬಿಡಲಿ’ ಎಂಬುದಲ್ಲ. ‘ಈ ಕೊರತೆ ತಾತ್ಕಾಲಿಕವೋ ಶಾಶ್ವತವೋ’ ಎಂಬುದು. ತಾತ್ಕಾಲಿಕವಾದರೆ ತಲೆಗಳನ್ನು ಎಣಿಸುವುದಕ್ಕೆ ಮುಂಚೆ ಗಂಟೆಗಳನ್ನು ಎಣಿಸಬೇಕು. ಹೆಚ್ಚುವರಿ ದುಡಿಮೆಯನ್ನು ನಿಲ್ಲಿಸಿ, ಕೂಡಿಟ್ಟ ಗಂಟೆಗಳನ್ನು ಬಳಸಿ, ಆಮೇಲೆ ಎಲ್ಲರ ವಾರವನ್ನೂ ಮೊಟಕುಗೊಳಿಸಬೇಕು. ಬಿಡುವಾದ ದಿನದಲ್ಲಿ ಹೊಸ ವಿದ್ಯೆಯನ್ನು ಕಲಿಸಬೇಕು. ಶಾಶ್ವತವಾದರೆ ಬಿಡಿಸುವುದು ಅನಿವಾರ್ಯವಾದೀತು. ಆಗಲೂ ಅದಕ್ಕೊಂದು ಕ್ರಮವುಂಟು. ಯಾರನ್ನು ಬಿಡುವುದೆಂಬಲ್ಲಿ ಸೇವೆಯ ಅವಧಿ, ವಯಸ್ಸು, ಪೋಷಿಸಬೇಕಾದವರ ಸಂಖ್ಯೆ, ತೀವ್ರವಾದ ಅಂಗವೈಕಲ್ಯ, ಇವನ್ನು ನೋಡಬೇಕೆಂದು ಜರ್ಮನಿಯ ಶಾಸನ ವಿಧಿಸುತ್ತದೆ. ನೂರು ಮಂದಿಗೆ ಮೇಲ್ಪಟ್ಟ ಸಂಸ್ಥೆಗಳು ಸಾಮೂಹಿಕವಾಗಿ ಬಿಡಿಸುವಾಗ ೬೦ ದಿನ ಮುಂಚಿತವಾಗಿ ತಿಳಿಸಬೇಕೆಂದು ಅಮೆರಿಕದಲ್ಲಿಯೂ ೧೯೮೮ರ ಶಾಸನವುಂಟು. ಸಂಜೆ ಕರೆದು ನಾಳೆ ಬರಬೇಡವೆನ್ನುವುದು ಯಾವ ನ್ಯಾಯಕ್ಕೂ ಸಲ್ಲದು.

ಆದರೆ ಇವೆಲ್ಲಕ್ಕೂ ಮೂಲವಾದ ಕೆಲಸವು ಮುಗ್ಗಟ್ಟಿನ ಕಾಲದ್ದಲ್ಲ, ಸುಭಿಕ್ಷದ ಕಾಲದ್ದು. ನಿಧಿಯಿಲ್ಲದೆ ಹಂಚಿದರೆ ಬಡತನ ಮಾತ್ರ ಹಂಚಿಹೋಗುತ್ತದೆ. ಜರ್ಮನಿಯು ೨೦೦೯ರಲ್ಲಿ ತೋರಿದ ಸ್ಥೈರ್ಯವನ್ನು ೨೦೦೯ರಲ್ಲಿ ಸಂಪಾದಿಸಲಿಲ್ಲ. ತಿಂಗಳು ತಿಂಗಳು ಕಟ್ಟಿದ ಕಂತುಗಳಲ್ಲಿ, ಖಾತೆಯಲ್ಲಿ ಕೂಡಿಟ್ಟ ಗಂಟೆಗಳಲ್ಲಿ, ಮಾಲೀಕರಿಗೂ ಕೆಲಸಗಾರರಿಗೂ ಒಂದೇ ಮೇಜಿನ ಮುಂದೆ ಕುಳಿತು ಬೆಳೆದಿದ್ದ ರೂಢಿಯಲ್ಲಿ ಅದು ಮೊದಲೇ ಸಂಗ್ರಹವಾಗಿತ್ತು. ಆ ಸಂಗ್ರಹಕ್ಕೆ ಸೇರದೆ ಉಳಿದವರಿಗೆ ಅದು ಒದಗಲಿಲ್ಲವೆಂಬುದೂ ಅಷ್ಟೇ ಸತ್ಯ. ಕೆಲಸಕ್ಕೆ ಸೇರಿದ ಮೊದಲನೆಯ ದಿನವೇ, ಎರವಲಿನವನಾಗಲಿ ಅಲ್ಪವೇತನದವನಾಗಲಿ, ಪ್ರತಿಯೊಬ್ಬನ ಹೆಸರೂ ಆ ನಿಧಿಯ ಪುಸ್ತಕದಲ್ಲಿ ಬರೆಯಲ್ಪಡಬೇಕು. ಹಾಗೆ ಬರೆದ ಸಂಸ್ಥೆಯಲ್ಲಿ ‘ಸಂಪನ್ಮೂಲ’ವೆಂಬ ಪದಕ್ಕೆ ಬೇರು ಎಂಬ ಅರ್ಥವೇ ನಿಲ್ಲುತ್ತದೆ.